ಹಾಸಿನ ಕೆಳಗೆ ಚಾಚಿದ ಕೈ

ಮೊನ್ನೆ ಮೊಮ್ಮಗಳು ಒಲೆಯ ಮೇಲೆ ಗಂಜಿ ಮರೆತು ತಳ ಹಿಡಿಸಿದಳು. ಆ ಸೀದ ವಾಸನೆಗೆ ದೊಡ್ಡಬಳ್ಳಾಪುರದ ನಮ್ಮ ಹಳೆಯ ಬೀದಿ, ಪಕ್ಕದ ಮನೆಯ ಸಾಬರ ಅಜ್ಜಿ, ಎಲ್ಲ ಕಣ್ಣಮುಂದೆ ಬಂದವು...

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಹೆಂಡತಿ ಬಾಣಂತನದಲ್ಲೇ ಹೋಗಿದ್ದಳು. ನಾನು ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುವಾಗ ಮಗಳು ಅದೇ ಗುಂಡಿಯಲ್ಲಿ ನನ್ನ ಕಾಲಿಗೆ ಒರಗಿ ಕೂರುತ್ತಿದ್ದಳು. ನಾಲ್ಕು ವರ್ಷವಾದರೂ ಅವಳ ಲೋಕ ಅಷ್ಟೇ. ಬೇರೆ ಮಕ್ಕಳು ಬಂದರೆ ಮುಖ ಮುಚ್ಚಿಕೊಳ್ಳುವಳು, ಮುಟ್ಟಿದರೆ ಕಚ್ಚುವಳು. ಒಂದು ಮಾತೂ ಆಡದವಳನ್ನು ನೆಂಟರು ಮೂಗಿ ಎಂದರು. ಮೂರನೇ ಕ್ಲಾಸಿಗೇ ಓದು ಬಿಟ್ಟವನು ನಾನು. ಆದರೆ ನನ್ನ ಸೀರೆಯಲ್ಲಿ ತಪ್ಪು ಎಳೆ ತೋರಿಸಿದವರಿಲ್ಲ. ಅಂಥವನು ಮಗುವಿನ ಮುಂದೆ ಸೋತು ಕೂತಿದ್ದೆ. ನಾನು ಸತ್ತರೆ ಇವಳು ಯಾರ ಕೈ ಹಿಡಿದಾಳು ಎಂಬ ಯೋಚನೆಯಲ್ಲೇ ಮಗ್ಗ ತುಳಿಯುತ್ತಿದ್ದೆ.

ಸೀರೆಯ ಉದ್ದದ ಎಳೆಗಳಾದ ಹಾಸು ನೂಲಿಗೆ ಗಂಜಿ ಬಳಿಯುವ ದಿನ ಬೀದಿಯುದ್ದಕ್ಕೂ ನೂಲನ್ನು ಎಳೆದು ಕಟ್ಟುತ್ತಿದ್ದೆವು. ದೊಡ್ಡವರು ಎರಡೂ ಬದಿ ನಿಂತು ಬಳಿಯುವುದು; ಗಂಜಿ ತುಂಬಿದ ತೆಂಗಿನ ಚಿಪ್ಪನ್ನು ಮಕ್ಕಳು ನೂಲಿನ ಅಡಿಯಿಂದ ಒಬ್ಬರಿಗೊಬ್ಬರು ದಾಟಿಸುವುದು. ಅಂದು ಅಜ್ಜಿ ಒಳಗೆ ಬಂದು, ಕೇಳದೆ ಮಾಡದೆ, ಮಗಳನ್ನು ಗುಂಡಿಯಿಂದ ಎತ್ತಿ ಮಕ್ಕಳ ನಡುವೆ ಕೂರಿಸಿಬಿಟ್ಟರು. ಅವಳು ಚಿಪ್ಪು ಎಸೆದಳು. ಎದುರಿಗಿದ್ದ ಹುಡುಗಿ ಇವಳ ತಲೆಗೆ ಮೊಟಕಿದಳು. ಮಗಳನ್ನು ಎತ್ತಿಕೊಳ್ಳಲು ನಾನು ಓಡಿದೆ.

“ಏ, ನಿಲ್ಲು ಬೇಟಾ! ಎಷ್ಟ್ ದಿನ ಅಂತ ಗುಂಡೀಲಿ ಇಟ್ಕೋತೀಯಾ ಇವಳ್ನ?”

“ಹೊಡೀತಾವ್ಳಲ್ಲಮ್ಮಾ!”

“ಹೊಡೀಲಿ ಬಿಡು. ನೀನೇನ್ ನಿಮ್ಮಣ್ಣನ್ ಹತ್ರ ಒದೆ ತಿನ್ದೇನೇ ಇಷ್ಟುದ್ದ ಬೆಳ್ದ್ಯಾ?”

ಮಗಳು ಅಳುತ್ತ ಕೂತೇ ಇದ್ದಳು. ಮೊಟಕಿದವಳೇ ಇನ್ನೊಂದು ಚಿಪ್ಪು ನೀಡಿದಳು. ಬಹಳ ಹೊತ್ತಾದ ಮೇಲೆ ನೂಲಿನ ಅಡಿಯಿಂದ ನನ್ನ ಮಗಳ ಕೈ ಮುಂದೆ ಬಂತು... ಕೆಲವೇ ತಿಂಗಳಲ್ಲಿ “ನಂಗ್ ಕೊಡೇ!” ಎಂದು ಕಿತ್ತುಕೊಳ್ಳುವಷ್ಟಾದಳು.

ಆ ವರ್ಷವೇ ಪ್ಲೇಗು ಬಂತು. ಇಲಿ ಸತ್ತು ಬಿದ್ದವೆಂದು ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದೆವು. ಅಜ್ಜಿಗೆ ಕಂಕುಳಲ್ಲಿ ಪ್ಲೇಗಿನ ಗೆಡ್ಡೆ ಕಾಣಿಸಿತು. ದೂರದ ಗುಡಿಸಲಿಗೆ ಸಾಗಿಸಿದರು. ಮಗಳು ಉಳಿದ ಮಕ್ಕಳನ್ನೂ ಕೂಡಿಸಿಕೊಂಡು ಬೇಲಿಯವರೆಗೆ ಹೋಗಿ ಕೂಗುತ್ತಿದ್ದಳು: “ಅಜ್ಜೀ, ಆಟಕ್ಕೆ ಬಾ!” ಮೊದಮೊದಲು ಒಂದು ನರಳಿಕೆ ಕೇಳಿಸುತ್ತಿತ್ತು. ಆಮೇಲೆ ಅದೂ ಇಲ್ಲ. ಹತ್ತಿರ ಹೋಗಲು ಯಾರನ್ನೂ ಬಿಡಲಿಲ್ಲ. ಒಂದು ಗುಟುಕು ನೀರು ಕೊಡಲಾಗಲಿಲ್ಲ... ಯಾವ ಮಣ್ಣಿಗೆ ಹಾಕಿದರೋ, ಇವತ್ತಿಗೂ ಗೊತ್ತಿಲ್ಲ.

ಈಗ ಮಗಳು ಮೊಮ್ಮಕ್ಕಳನ್ನು ಕಂಡವಳು. ಬೀದಿಯ ಮದುವೆಗೂ ಜಗಳಕ್ಕೂ ರಾಜಿಗೂ ಅವಳೇ ಮುಂದು. ಆ ಅಜ್ಜಿ ನೆನಪಿದ್ದಾರೇನಮ್ಮಾ ಎಂದು ನಿನ್ನೆ ಕೇಳಿದೆ. “ಯಾವಜ್ಜೀನಪ್ಪಾ?” ಎಂದಳು. ಎಲ್ಲ ಹೇಳಿದೆ. ಕೇಳಿಸಿಕೊಂಡು ತಲೆಯಾಡಿಸಿದಳು. ಆದರೆ ಆ ಮುಖ ಅವಳಿಗೆ ನೆನಪಾಗಲಿಲ್ಲ. ಅದನ್ನು ಕಂಡ ಕಣ್ಣು ಉಳಿದಿರುವುದು ನನ್ನದೊಂದೇ. ಅದಕ್ಕೂ ಪೊರೆ ಬಂದಿದೆ.