ಸಾವಂತ್ರವ್ವ ಹೊಲಿದ ವಿಮಾನ

ದೇಹೂ ರೋಡಿನ ಸಾವಂತ್ರವ್ವ ಈವರೆಗೆ ವಿಮಾನ ಹತ್ತಿಲ್ಲ, ಹತ್ತುವ ಆಸೆಯೂ ಅವಳಿಗಿಲ್ಲ. ಇಂಡಿ ತಾಲೂಕಿನಿಂದ ಗಂಡ ಶಿವಪುತ್ರಪ್ಪನ ಬೆನ್ನಿಗೆ ಪುಣೆಗೆ ಬಂದು ಮೂವತ್ತೆಂಟು ವರ್ಷವಾಯಿತು. ಊರಿಗೆ ಹೋಗಬೇಕೆಂದರೆ ಇಂದಿಗೂ ಸೊಲ್ಲಾಪುರದ ರೈಲೇ ಗತಿ. ಆದರೆ ಒಂದು ವಿಮಾನದ ರೆಕ್ಕೆ, ಬಾಲ ಎಲ್ಲವನ್ನೂ ಕೈಸೂಜಿಯಲ್ಲಿ ಹೊಲಿದ ಹೆಂಗಸು ಈ ಊರಿನಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ ನೋಡೋಣ!

ಶುರುವಾದದ್ದು ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಒಂದು ಕೌದಿಯಿಂದ. ಶಿವಪುತ್ರಪ್ಪ ತಳೇಗಾಂವ ದಾಭಾಡೆಯ ಒಂದು ಶೆಡ್ಡಿಗೆ ವಾಚ್‌ಮನ್. ಆ ಶೆಡ್ಡಿನಲ್ಲಿ ಮೈಸೂರು ಕಡೆಯ ಅನಂತರಾಮು ಎಂಬ ವಾಯುಪಡೆಯ ನಿವೃತ್ತ ಎಂಜಿನಿಯರು ತುಂಡು ತುಂಡಾಗಿದ್ದ ಹಳೆಯ ತರಬೇತಿ ವಿಮಾನವನ್ನು ಜೋಡಿಸುತ್ತಿದ್ದರು. ಒಂದು ಚಳಿಗಾಲದ ಬೆಳಿಗ್ಗೆ ವಾಚ್‌ಮನ್ನನ ಮಂಚದ ಮೇಲಿದ್ದ ಕೌದಿಯನ್ನು ಎತ್ತಿ, ಕನ್ಯೆ ನೋಡಲು ಬಂದವರ ಹಾಗೆ ಹಿಂದೆ ಮುಂದೆ ನೋಡಿದರು.

"ಇದನ್ನ ಯಾರು ಹೊಲಿದಿದ್ದು?"

"ನಮ್ಮಾಕಿ ರೀ."

"ಮೆಷಿನ್ನಲ್ಲಾ?"

"ಕೈಲೇ ರೀ. ಮೆಷಿನ್ ಅಂದ್ರ ಆಕಿಗೆ ಸಿಟ್ಟು ಬರ್ತದ."

ಆ ಕಾಲದ ವಿಮಾನಗಳೆಂದರೆ ಮರ, ಕೊಳವೆಗಳ ಹಂದರ. ಅದಕ್ಕೆ ಬಟ್ಟೆ ಹೊದಿಸಿ, ಪಟ್ಟಿ ಪಟ್ಟಿಗೂ ಮೇಣದ ದಾರದಲ್ಲಿ ಹೊಲಿದು, ಗಂಟು ಹಾಕಬೇಕು. ಇಬ್ಬರು ದರ್ಜಿಗಳು ಬಂದು, ನೋಡಿ, ನಮಸ್ಕಾರ ಹೇಳಿ ಹೋಗಿದ್ದರು. ಸಾವಂತ್ರವ್ವ ಬಂದಳು, ನೋಡಿದಳು, ಸೆರಗು ಸಿಕ್ಕಿಸಿ ಕೂತಳು. ಗಂಟು ಕಲಿಯಲು ಎರಡು ದಿನ ಸಾಕಾಯಿತು. ಮುಂದೆ ಹದಿನಾಲ್ಕು ತಿಂಗಳು ಬೆಳಿಗ್ಗೆ ಲೋಕಲ್ ರೈಲು ಹಿಡಿದು, ಮೂರನೆಯ ಸ್ಟೇಷನ್ನಿನಲ್ಲಿ ಇಳಿದು, ಗಂಡನಿಗೂ ಸಾಹೇಬರಿಗೂ ರೊಟ್ಟಿಯ ಗಂಟು ಹೊತ್ತು ಬರುತ್ತಿದ್ದಳು. ಇಷ್ಟು ಖುಷಿಯ ದಿನಗಳನ್ನು ಅವಳು ಕಂಡಿರಲಿಲ್ಲ. ಮೊಮ್ಮಕ್ಕಳ ಕೌದಿ ಹೊಲಿದರೆ ಅವು ಮರುದಿನವೇ ಅದರ ಮೇಲೆ ಚಹಾ ಚೆಲ್ಲುತ್ತಿದ್ದವು. ಇಲ್ಲಿ ಅವಳ ಒಂದೊಂದು ಹೊಲಿಗೆಯನ್ನೂ ಸಾಹೇಬರು ಕನ್ನಡಕ ಏರಿಸಿ ನೋಡಿ ತಲೆದೂಗುತ್ತಿದ್ದರು.

ಕೊನೆಗೆ ಉಳಿದದ್ದು ರಡ್ಡರ್. ಬಾಲದ ತುದಿಯಲ್ಲಿ ಬಾಗಿಲಿನಂತೆ ಎಡಕ್ಕೆ ಬಲಕ್ಕೆ ತಿರುಗುವ ಭಾಗ ಅದು. ತಿರುಗದಿದ್ದರೆ ವಿಮಾನ ಪೈಲಟ್ಟನ ಮಾತು ಕೇಳುವುದಿಲ್ಲ. ಅದರ ಹೊಲಿಗೆ ಮುಗಿಯುತ್ತ ಬಂದು ಅಂಗೈಯಗಲ ಉಳಿದಾಗ ಸಾವಂತ್ರವ್ವನ ಕೈ ತಾನಾಗಿ ನಿಂತಿತು. ಅವಳ ಊರಿನಲ್ಲಿ ಕೌದಿಯ ಹೊಟ್ಟೆ ಹಸಿದಿರುವಾಗ ಅದನ್ನು ಮುಚ್ಚುವುದಿಲ್ಲ. ನಡುವೆ ಅಷ್ಟು ಜಾಗ ಬಿಟ್ಟು, ಹೋಳಿಗೆಯ ಚೂರೊಂದನ್ನು ಒಳಗಿಟ್ಟು, ಕೈ ಮುಗಿದು ಹೊಲಿಯುತ್ತಾರೆ. ಹೊದ್ದವರು ಉಂಡು ತಣ್ಣಗಿರಲಿ ಎಂಬ ಹಾರೈಕೆ. ಅವಳ ಅವ್ವ ಹಾಗೆ ಮಾಡಿದ್ದಳು, ಅವಳೂ ನೂರಾರು ಕೌದಿಗೆ ಹಾಗೆಯೇ ಮಾಡಿದ್ದಳು. ಮರುದಿನ ಬುತ್ತಿಯಲ್ಲಿ ಹೋಳಿಗೆ ತಂದು, ಯಾರೂ ಇಲ್ಲದಾಗ ಒಂದು ಚೂರನ್ನು ಒಳಗೆ ಸರಿಸಿ ಹೊಲಿದುಬಿಟ್ಟಳು. ಬಟ್ಟೆಯನ್ನು ಬಿಗಿಗೊಳಿಸುವ ಅಂಟುಬಣ್ಣ ಬಳಿದ ಮೇಲೆ ಅದು ಹಲಗೆಯಂತೆ ಬಿಗಿದುಕೊಂಡಿತು.

ಅದೇ ವಾರ ಆ ವಿಮಾನವನ್ನು ಹಾರಿಸಲಿದ್ದ ಪೈಲಟ್ ಮಿಥುನ ಶೆಡ್ಡಿಗೆ ಬಂದ. ಅನಂತರಾಮು ಅವನ ಮುಂದೆ ತುಕ್ಕು ಹಿಡಿದ ಸ್ಕ್ರೂಡ್ರೈವರ್ ಒಂದನ್ನು ಇಟ್ಟರು. ಸಾವಂತ್ರವ್ವ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದಳು.

"ಅರವತ್ತು ವರ್ಷಕ್ಕೂ ಹಿಂದೆ ಈ ವಿಮಾನ ಭೋರ್ ಹತ್ತಿರದ ಬೆಟ್ಟದಲ್ಲಿ ಬಿತ್ತು," ಎಂದರು ಸಾಹೇಬರು. "ಹಾರಿಸ್ತಿದ್ದವರು ನನಗೆ ಆಮೇಲೆ ಪಾಠ ಹೇಳಿದ ಗುರುಗಳು. ಪ್ಯಾರಾಚೂಟಲ್ಲಿ ಹಾರಿ ಬದುಕಿದರು. ರಡ್ಡರ್ ತಿರುಗಲಿಲ್ಲ ಅಂತ ಹೇಳಿದರೆ ಯಾರೂ ನಂಬಲಿಲ್ಲ. ತಪ್ಪನ್ನ ಅವರ ತಲೆಗೇ ಕಟ್ಟಿದರು. ಸಾಯೋವರೆಗೂ ಮತ್ತೆ ಹಾರಿಸೋಕೆ ಬಿಡಲಿಲ್ಲ."

ಆ ಮಾತು ನಿಜವೋ ಸುಳ್ಳೋ ತಿಳಿಯಬೇಕೆಂದೇ ಸಾಹೇಬರು ವರ್ಷಗಟ್ಟಲೆ ಹಳ್ಳಿ ಹಳ್ಳಿ ಅಲೆದಿದ್ದರು. ಒಬ್ಬರ ಹಿತ್ತಿಲಲ್ಲಿ ರೆಕ್ಕೆಯ ಪಟ್ಟಿಗಳು ಕೋಳಿಗೂಡಾಗಿದ್ದವು. ಇನ್ನೊಬ್ಬರ ದನದ ಕೊಟ್ಟಿಗೆಯ ಮಾಡಿಗೆ ಬಾಲದ ಹಂದರವೇ ತೊಲೆ. ಅದರೊಳಗೆ, ರಡ್ಡರಿನ ತಂತಿ ಹಾಯುವ ಗಾಲಿಗೆ ಕಚ್ಚಿಕೊಂಡು ಈ ಸ್ಕ್ರೂಡ್ರೈವರ್ ಕೂತಿತ್ತು.

"ಯಾವನೋ ಮೆಕ್ಯಾನಿಕ್ ಒಳಗೆ ಮರೆತುಬಿಟ್ಟಿದ್ದ, ಅಷ್ಟೇ. ವಿಮಾನದೊಳಗೆ ಸಡಿಲವಾಗಿ ಒಂದು ಕಾಳೂ ಇರಬಾರದು ಮಿಥುನ."

ಸಾವಂತ್ರವ್ವ ಚಹಾದ ಲೋಟ ಕೆಳಗಿಟ್ಟು ರಡ್ಡರಿನ ಕಡೆ ನೋಡಿದಳು.

ಸಂಜೆ ಮನೆಗೆ ಹೋಗುವ ಲೋಕಲ್ಲಿನಲ್ಲಿ ಹೋಳಿಗೆಯ ವಿಷಯ ಗಂಡನಿಗೆ ಹೇಳಿದಳು. ಶಿವಪುತ್ರಪ್ಪ ಎದೆ ಹಿಡಿದುಕೊಂಡು, ಆಮೇಲೆ ಸಮಾಧಾನ ಹೇಳಿದ. "ಹೋಳಿಗಿ ಚೂರು ಏನ್ ಮಾಡ್ತದ? ಇರುವಿ ತಿಂದು ಹೋಗ್ತಾವ. ಸುಮ್ಮನಿರು. ಸಾಹೇಬ್ರಿಗೆ ಗೊತ್ತಾದ್ರ ನಿನ್ನ ಅಲ್ಲಿ ಕಾಲಿಡಾಕ ಬಿಡೂದಿಲ್ಲ."

ಅವಳಿಗೂ ಅದೇ ಭಯ. ಎರಡು ದಿನ ಕಳೆದವು. ತಪಾಸಣೆಯವರು ಬಂದು ರಡ್ಡರನ್ನು ತಟ್ಟಿ, ತಿರುಗಿಸಿ, ಶಭಾಷ್ ಎಂದು ಹೋದರು. ಇನ್ನು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವಳಿಗೆ ಆ ಕಾಣದ ಮೆಕ್ಯಾನಿಕ್ಕನ ಚಿಂತೆ ಹತ್ತಿತು. ಅವತ್ತು ಸಂಜೆ ಅವನೂ ಸಾಮಾನು ಎಣಿಸಿರಬೇಕಲ್ಲ? ಒಂದು ಕಮ್ಮಿ ಬಂದಿರಬೇಕಲ್ಲ? ಹೆದರಿ ಸುಮ್ಮನಾದನೇನೋ ಪಾಪ. ಮೂರನೆಯ ದಿನ ಬುತ್ತಿ ಕೆಳಗಿಟ್ಟು ನೇರವಾಗಿ ಹೋಗಿ ನಿಂತಳು.

"ಸಾಹೇಬ್ರ, ಬಾಲದಾಗ ಹೋಳಿಗಿ ಅದರಿ. ನಾನ ಇಟ್ಟೀನಿ."

ಕೌದಿಯ ಹೊಟ್ಟೆಯ ವಿಷಯವನ್ನೆಲ್ಲ ತಡವರಿಸುತ್ತ ಹೇಳಿ ಮುಗಿಸಿದಳು. ಅನಂತರಾಮು ಅವರ ಮುಖ ಕೆಂಪಾಯಿತು.

"ತಪಾಸಣೆ ಆಗೋವರೆಗೂ ಯಾಕೆ ಹೇಳಲಿಲ್ಲ?"

"ಅಂಜಿಕಿ ಆತ್ರಿ."

ಸಾಹೇಬರು ಆ ತುಕ್ಕು ಹಿಡಿದ ಸ್ಕ್ರೂಡ್ರೈವರನ್ನು ಕೈಗೆತ್ತಿಕೊಂಡರು. "ಅವನೂ ಹೀಗೇ ಬಂದು ಹೇಳಿದ್ದಿದ್ದರೆ, ನಮ್ಮ ಗುರುಗಳು..." ಎಂದು ಶುರುಮಾಡಿದವರು ಮುಗಿಸಲಾಗದೆ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, "ಕತ್ತರಿ ತನ್ನಿ ಸಾವಂತ್ರಮ್ಮ. ನೀವೇ ಹೊಲಿದಿದ್ದು, ನೀವೇ ಬಿಚ್ಚಿ," ಎಂದರು.

ಬಿಚ್ಚಿ, ಚೂರು ತೆಗೆದು, ಬ್ಯಾಟರಿ ಬಿಟ್ಟು ಅವಳು, ಸಾಹೇಬರು, ಶಿವಪುತ್ರಪ್ಪ ಮೂವರೂ ಒಬ್ಬರಾದ ಮೇಲೊಬ್ಬರು ಒಳಗೆ ಇಣುಕಿದರು. ಹನ್ನೊಂದು ದಿನ ಹಿಡಿದು ಅವಳು ಮತ್ತೆ ಹೊಲಿದಳು, ತಪಾಸಣೆಯವರು ಮತ್ತೆ ಬಂದರು. ಕೊನೆಯ ಅಂಗೈಯಗಲವನ್ನು ಈ ಸಲ ಬರಿದಾಗಿಯೇ ಮುಚ್ಚುವಾಗ ಅವಳಿಗೆ ಹಸುಗೂಸನ್ನು ಹಾಲಿಲ್ಲದೆ ಮಲಗಿಸಿದಷ್ಟು ಸಂಕಟವಾಯಿತು. ಕೆಲಸದ ಪುಸ್ತಕದಲ್ಲಿ, ಹೊಲಿದವರು ಎಂಬಲ್ಲಿ, ಸಾಹೇಬರು ಅವಳಿಂದಲೇ ರುಜು ಹಾಕಿಸಿದರು.

ಹಾರುವ ದಿನ ಬೆಳಿಗ್ಗೆ ಊರಾಚೆಯ ಬಯಲಿನ ಸಣ್ಣ ರನ್‌ವೇ ಬಳಿ ಎಲ್ಲರೂ ಸೇರಿದರು. ಉಪ್ಪಿಟ್ಟು ಬಂತು, ಚಹಾ ಬಂತು. ಸಾವಂತ್ರವ್ವ ಒಂದನ್ನೂ ಮುಟ್ಟಲಿಲ್ಲ.

"ಇವತ್ತೇನು ಏಕಾದಶಿ ಏನು?" ಎಂದ ಶಿವಪುತ್ರಪ್ಪ. ಅವಳು ತಂದಿದ್ದ ಹೋಳಿಗೆಯ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು.

ಮಿಥುನ ಎಂಜಿನ್ ಹಚ್ಚಿದ. ಹಳದಿ ವಿಮಾನ ಕುಪ್ಪಳಿಸುತ್ತ ಓಡಿ, ನೆಲ ಬಿಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಅವಳ ಕಣ್ಣು ಬಾಲದ ಮೇಲೆಯೇ. ಅದು ಎಡಕ್ಕೆ ತಿರುಗಿತು. ಬಲಕ್ಕೂ ತಿರುಗಿತು. ಇಪ್ಪತ್ತು ನಿಮಿಷ ಆಕಾಶ ಸುತ್ತಿ, ಚಕ್ರಗಳು ಮತ್ತೆ ನೆಲ ಮುಟ್ಟಿದ ಮೇಲೆ ಅವಳು ಉಸಿರು ಬಿಟ್ಟು ಹೋಳಿಗೆಯ ಡಬ್ಬಿ ಬಿಚ್ಚಿದಳು. ಅನಂತರಾಮು ನಗುತ್ತ ಡಬ್ಬಿಗೆ ಕೈ ಹಾಕಲು ಬಂದರು.

"ತಡೀರಿ ಸಾಹೇಬ್ರ, ಮೊದಲ ನಾ ತಿಂತೀನಿ," ಎಂದಳು. "ವಿಮಾನ ಉಪಾಸ ಹಾರೇದ. ಅದಕ್ಕ ನಿನ್ನಿಯಿಂದ ನಾನೂ ಉಪಾಸ ಅದೀನಿ."

ಅವಳು ಒಂದು ಹೋಳಿಗೆ ಪೂರ್ತಿ ತಿಂದು ನೀರು ಕುಡಿಯುವ ತನಕ ಸಾಹೇಬರು ಡಬ್ಬಿ ಹಿಡಿದುಕೊಂಡು ನಿಂತಿದ್ದರು.