ಪೀರಪ್ಪ ಮಾಡಿದ ಹಿತ್ತಾಳೆಯ ರೈಲುಡಬ್ಬಿ

ವಾಡಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಕಂಚುಗಾರ ಪೀರಪ್ಪನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಸುತ್ತಿಗೆಯ ಸದ್ದು ಹಿಡಿದು ನಡೆದರೆ ಅವನ ಹೊಸ್ತಿಲೇ ಬರುತ್ತಿತ್ತು. ನಮ್ಮ ಮನೆ ಎದುರಿಗೇ. ಮಧ್ಯಾಹ್ನ ಉಂಡು ಅಡ್ಡಾಗುತ್ತಿದ್ದ ನಮ್ಮಪ್ಪ ಆ ಬಡಿತಕ್ಕೆ ಎದ್ದು ಕೂತು ಬಾಯಿತುಂಬ ಬೈಯುತ್ತಿದ್ದ. ಕೆಲವೇ ವರ್ಷಗಳಲ್ಲಿ ಬಡಿತ ಕಡಿಮೆಯಾಗುತ್ತ ಬಂತು. ನಮ್ಮಪ್ಪನಿಗೆ ನಿದ್ದೆ ಸಿಕ್ಕಿತು, ಪೀರಪ್ಪನ ಒಲೆ ಆರಿತು.

ಕೆಡಿಸಿದ್ದು ಜರ್ಮನ್ ಪಾತ್ರೆ. ಅಲ್ಯೂಮಿನಿಯಮ್ಮಿಗೆ ನಮ್ಮ ಕಡೆ ಹಾಗೇ ಅನ್ನುವುದು. ನಿಜಾಮರ ಆಳ್ವಿಕೆ ಮುಗಿದು, ಅವರ ರೈಲು ದಿಲ್ಲಿ ಸರ್ಕಾರದ ಕೈಗೆ ಹೋಗುವ ಹೊತ್ತಿಗೆ ಶಹಾಬಾದಿನ ಸಂತೆಯಲ್ಲಿ ಆ ಬೂದುಬಣ್ಣದ ಡಬರಿಗಳು ರಾಶಿ ಬಿದ್ದಿದ್ದವು. ಹಗುರ, ಅಗ್ಗ, ಹುಣಸೆಹಣ್ಣು ಹಚ್ಚಿ ತಿಕ್ಕುವ ಕಾಟವಿಲ್ಲ. ಹೆಂಗಸರು ತವರಿನಿಂದ ತಂದ ಹಿತ್ತಾಳೆಯನ್ನೆಲ್ಲ ಕೊಟ್ಟು ಅದನ್ನು ಹೊತ್ತು ತಂದರು. ನಮ್ಮವ್ವನೂ ತಂದಳು. ಇದರಾಗ ಸಾರಿಗೆ ರುಚಿನೇ ಇಲ್ಲ ಎಂದು ಗೊಣಗುತ್ತ, ಅದರಲ್ಲೇ ಸಾರು ಕಾಯಿಸಿದಳು. ಆ ಪಾತ್ರೆಗಳನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಪೀರಪ್ಪನಿಗೆ ಆಗ ನಲವತ್ತು ದಾಟಿತ್ತು. ಬೇರೆ ಕೆಲಸ ಗೊತ್ತಿರಲಿಲ್ಲ. ಅವನಿಗೊಬ್ಬ ಜೀವದ ಗೆಳೆಯನಿದ್ದ, ಚಾಂದ್. ರೈಲುಡಬ್ಬಿ ರಿಪೇರಿ ಮಾಡುವ ಶೆಡ್ಡಿನಲ್ಲಿ ಬಣ್ಣ ಹಚ್ಚುವ ಕೆಲಸದವನು. ಐವತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ಅವನು ಒಂದು ಸುದ್ದಿ ತಂದ.

“ನಮ್ಮ ಶೆಡ್ಡಿನ ಸಾಹೇಬ್ರಿಗೆ ಬಣ್ಣದ ಕೆಲಸಕ್ಕ ಇನ್ನೊಬ್ಬಾಂವ ಬೇಕಾಗ್ಯಾನ. ನಿನ್ನ ಕೈ ಎಂಥಾದ್ದಂತ ನಾ ಹೇಳೀನಿ. ಮೊಳದುದ್ದ ಹಿತ್ತಾಳಿ ರೈಲುಡಬ್ಬಿ ಮಾಡಿ, ರೈಲಿನ ಹೊಸಾ ಬಣ್ಣ ಹಚ್ಚಿ ತೋರಿಸ್ಲಿ ಅಂದಾರ. ಪಸಂದ್ ಬಂತಂದ್ರ ಡಬ್ಬಿ ಅವರ ಮೇಜಿನ ಮ್ಯಾಲ, ನೀ ಶೆಡ್ಡಿನೊಳಗ. ಪಕ್ಕಾ ನೌಕರಿ, ಪೀರ್ಯಾ!”

ರೈಲಿನ ಪಕ್ಕಾ ನೌಕರಿ ಅಂದರೆ ಆ ಕಾಲಕ್ಕೆ ನಮ್ಮ ಓಣಿಯಲ್ಲಿ ಸ್ವರ್ಗಕ್ಕೆ ಮೂರೇ ಗೇಣು. ಸಿಗದಿದ್ದರೆ ಏನೆಂಬುದೂ ಎಲ್ಲರಿಗೂ ಗೊತ್ತಿತ್ತು: ರಾವೂರಿನ ಕಲ್ಲಿನ ಗಣಿ.

ಯಾರೂ ಕೊಳ್ಳದೆ ಉಳಿದಿದ್ದ ದೊಡ್ಡ ಹಂಡೆಯೊಂದನ್ನು ಪೀರಪ್ಪ ಒಡೆದು ಹಾಳೆ ಮಾಡಿದ. ಪ್ಲಾಟ್‌ಫಾರ್ಮಿಗೆ ಹೋಗಿ, ಅಲ್ಲಿ ನಿಂತಿದ್ದ ಡಬ್ಬಿಗೆ ದಾರ ಹಿಡಿದು ಅಳತೆ ತಂದ. ಪೊಲೀಸನೊಬ್ಬ ಎರಡು ಸಲ ಅಟ್ಟಿದ, ಮೂರನೆಯ ಸಲ ತಾನೇ ದಾರದ ಇನ್ನೊಂದು ತುದಿ ಹಿಡಿದ. ಡಬ್ಬಿಯ ದುಂಡು ಛಾವಣಿ ಅವನಿಗೆ ಸಲೀಸಾಗಿ ಬಂತು, ಹಂಡೆ ಬಡಿದ ಕೈಯಲ್ಲವೇ. ಕಾಡಿದ್ದು ಗೋಡೆ. ಹುಟ್ಟಿದಾಗಿನಿಂದ ದುಂಡಗಿನದನ್ನೇ ಬಡಿದವನಿಗೆ ಸಪಾಟು ಬರಲೊಲ್ಲದು. ಬಡಿದಷ್ಟೂ ಹಾಳೆಯ ಹೊಟ್ಟೆ ಉಬ್ಬುತ್ತಿತ್ತು. ಹಟ ಹಿಡಿದು ಮಾಡಿದ. ಕಿಟಕಿಗೆ ಒಂದೊಂದು ಪಟ್ಟಿಯನ್ನೂ ಅರದಿಂದ ಉಜ್ಜಿ ಕೂರಿಸಿದ, ಬಾಗಿಲಿಗೆ ಹಿಡಿಕೆ ಇಟ್ಟ, ಗಾಲಿಗಳನ್ನು ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದ. ನೆಲದ ಮೇಲೆ ದೂಡಿದರೆ ಓಡುತ್ತಿತ್ತು. ನೋಡಲು ಓಣಿಯೇ ಸೇರಿತು. ಜರ್ಮನ್ ಪಾತ್ರೆ ಕೊಂಡವರೆಲ್ಲ ಬಂದು ಆಹಾ ಅಂದರು, ನಾಚಿಕೆಯಿಲ್ಲದವರು.

ಬಣ್ಣದ ಸಂಗತಿಯನ್ನು ಚಾಂದ್ ಕೂರಿಸಿಕೊಂಡು ಹೇಳಿಕೊಟ್ಟ. ಹಿತ್ತಾಳೆಯ ಹೊಳಪೆಲ್ಲ ಹೋಗುವಂತೆ ಮರಳಿನಿಂದ ಉಜ್ಜಬೇಕು, ಹುಣಸೆ ನೀರಿನಲ್ಲಿ ತೊಳೆದು ಒಣಗಿಸಬೇಕು. ಆಮೇಲೆ ಬೆರಳೂ ಸೋಕಬಾರದು. ಅದರ ಮೇಲೆ ಅಸ್ತರು, ಅಂದರೆ ತಳದ ಬಣ್ಣ; ಅದು ಒಣಗಿದ ಮೇಲೆ ಕಡುಗೆಂಪು.

“ಜಿಡ್ಡು ತಾಗಿತೋ, ಮುಗೀತು ನೋಡು,” ಎಂದ ಚಾಂದ್.

ಹೊಳೆಯುವ ಹಿತ್ತಾಳೆಯನ್ನು ತಾನೇ ಮಂಕು ಮಾಡುವಾಗ ಪೀರಪ್ಪನ ಮುಖ ನೋಡಲಾಗುತ್ತಿರಲಿಲ್ಲ. ಉಜ್ಜಿ, ತೊಳೆದು, ಹಲಗೆಯ ಮೇಲೆ ಒಣಗಲಿಟ್ಟು, ಅಸ್ತರು ತರಲು ಚಾಂದನ ಮನೆಗೆ ಹೋದ. ಹೆಂಡತಿಗೆ ಏನೂ ಹೇಳಲಿಲ್ಲ. ಹೇಳಬೇಕೆಂದು ತಲೆಗೆ ಹೊಳೆದರೆ ತಾನೆ?

ಹೆಂಡತಿ ಹಣಮಮ್ಮ. ಆ ಮನೆಯಲ್ಲೊಂದು ಪದ್ಧತಿಯಿತ್ತು. ಮಾಡಿದ ಯಾವ ಪಾತ್ರೆಯೂ ಮನೆಯೊಡತಿಯ ಎಣ್ಣೆಕೈ ಹತ್ತದೆ ಹೊಸ್ತಿಲು ದಾಟುವಂತಿರಲಿಲ್ಲ. ಅಂಗೈಗೆ ಕುಸುಬಿ ಎಣ್ಣೆ ಸವರಿಕೊಂಡು ಪಾತ್ರೆಯ ಮೈಯೆಲ್ಲ ತಡವಿ, ಹೋದಲ್ಲಿ ಅನ್ನ ತುಂಬಿಕೊಂಡಿರು ಅನ್ನಬೇಕು. ಅತ್ತೆಯಿಂದ ಅವಳಿಗೆ ಬಂದದ್ದು. ಆ ಮಂಕು ಡಬ್ಬಿಯನ್ನು ಕಂಡ ಅವಳು ಹತ್ತಿರ ಹೋಗಿ ಕೂತಳು. ಗಂಡ ಗಡಿಬಿಡಿಯಲ್ಲಿ ತನಗೆ ಕೊಡುವುದನ್ನೇ ಮರೆತ ಅಂದುಕೊಂಡಳು. ಎಲ್ಲ ಪಾತ್ರೆಗಿಂತ ಇದಕ್ಕೇ ಕೈ ಹತ್ತಬೇಕು, ಇದರ ಮೇಲೇ ಅಲ್ಲವೇ ಮನೆ ನಿಂತಿರುವುದು. ತಡವಿದಳು, ಹರಸಿದಳು, ಬಣ್ಣಕ್ಕೆ ತೊಡಕಾಗದಿರಲೆಂದು ಸೆರಗಿನಿಂದ ಒತ್ತಿ ಒರೆಸಿಯೂ ಇಟ್ಟಳು. ಅವಳ ಲೆಕ್ಕದಲ್ಲಿ ಒರೆಸಿದ ಮೇಲೆ ಎಣ್ಣೆ ಹೋಯಿತು, ಹಾರೈಕೆ ಉಳಿಯಿತು.

ಅಸ್ತರು ಒಂದೆರಡು ಕಡೆ ಸರಿಯಾಗಿ ಕೂರಲಿಲ್ಲ. ಹೊಸಗೈ ಅಂದುಕೊಂಡು ಪೀರಪ್ಪ ಮತ್ತೊಂದು ಸಲ ಎಳೆದ. ಮೇಲೆ ಕಡುಗೆಂಪು ಬಿದ್ದಾಗ ಎಲ್ಲ ಮುಚ್ಚಿಹೋಯಿತು. ಕಿಟಕಿಯ ಸುತ್ತ ಹಳದಿ ಗೆರೆ ಎಳೆದದ್ದಂತೂ ಎಷ್ಟು ನೇರವಾಗಿತ್ತೆಂದರೆ ಚಾಂದನೇ ಶಾಬಾಸ್ ಅಂದ.

ಶೆಡ್ಡಿನಲ್ಲಿ ಸಾಹೇಬರು ಡಬ್ಬಿಯನ್ನು ಬಿಸಿಲಿಗೆ ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಮುಖ ಅರಳಿತು. ಚಾಂದ್ ಪೀರಪ್ಪನ ಬೆನ್ನು ತಿವಿದ. ಆಮೇಲೆ ಸಾಹೇಬರು, ಬಣ್ಣದ ಕೆಲಸ ನೋಡುವವರೆಲ್ಲ ಮಾಡುವಂತೆ, ಬಾಗಿಲ ಬಳಿ ಉಗುರಿನಿಂದ ಒಮ್ಮೆ ಗೀರಿದರು. ಬಣ್ಣ ಕಾಯಿಸಿದ ಹಾಲಿನ ಕೆನೆಯಂತೆ ಎದ್ದು ಬಂತು. ಇನ್ನಷ್ಟು ಎಳೆದರು. ಒಂದು ಪಕ್ಕದ ಗೋಡೆಯೇ ಸುಲಿದು ಕೈಗೆ ಬಂತು.

ಚಾಂದ್ ಆ ಸಿಪ್ಪೆ ಮೂಸಿ ನೋಡಿದ.

“ಕುಸುಬಿ ಎಣ್ಣಿ! ಯಾರು ಹಚ್ಚ್ಯಾರ ಇದಕ್ಕ?”

ಪೀರಪ್ಪನಿಗೆ ಅರೆಗಳಿಗೆಯಲ್ಲಿ ಎಲ್ಲ ತಿಳಿಯಿತು. ಮನೆಯಾಕೆ ತಿಳಿಯದೆ ಮಾಡಿದಳು, ಇನ್ನೊಂದು ಅವಕಾಶ ಕೊಡಿರಿ ಅಂದಿದ್ದರೆ ಸಾಹೇಬರು ಕೊಡುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ನಾಲ್ಕು ಜನ ಗಂಡಸರು ನಿಂತಲ್ಲಿ, ಹೆಂಡತಿ ಹರಸಿದ ಕೈಯನ್ನು ತಪ್ಪು ಅನ್ನಲು ಅವನಿಗೆ ಬಾಯಿ ಬರಲಿಲ್ಲ.

“ನಾನೇ ಹಚ್ಚೀನ್ರಿ,” ಎಂದ.

ಹೇಳಿಕೊಟ್ಟ ಮೇಲೂ ಕೇಳದ ಕೈ ತಮ್ಮ ಶೆಡ್ಡಿಗೆ ಬೇಡ ಎಂದು ಸಾಹೇಬರು ಡಬ್ಬಿಯನ್ನು ಅವನ ಕೈಗೇ ಇಟ್ಟರು. ಚಾಂದನ ಮುಖ ಕಪ್ಪಿಟ್ಟಿತ್ತು. “ನಾ ನಿನಗ ಹೊಣಿ ನಿಂತಿದ್ದೆ. ನನ್ನ ಮಾತು ಗಾಳಿಗೆ ತೂರಿದ್ಯಲ್ಲೋ,” ಎಂದವನು ಆ ದಿನದಿಂದ ಎದುರಾದರೂ ಮುಖ ತಿರುಗಿಸಿದ.

ಪೀರಪ್ಪ ಚಿತ್ತಾಪುರದ ಗುಜರಿಯವನ ತಕ್ಕಡಿಗೆ ಡಬ್ಬಿ ಹಾಕಿ ಮನೆಗೆ ಬಂದ. “ಡಬ್ಬಿ ಸಾಹೇಬ್ರಿಗೆ ಭಾಳ ಪಸಂದ್ ಬಂತು, ಇಟ್ಕೊಂಡ್ರು. ಜಾಗಾ ಮಾತ್ರ ಖಾಲಿ ಇಲ್ಲಂತ,” ಎಂದ. ಮರುವಾರ ರಾವೂರಿನ ಗಣಿಗೆ ಹೋದ. ಹಾಳೆಯಂತೆ ತೆಳ್ಳಗೆ ಹಿತ್ತಾಳೆ ಬಡಿಯುತ್ತಿದ್ದ ಕೈ ನೆಲಕ್ಕೆ ಹಾಸುವ ಫರ್ಸಿಕಲ್ಲು ಸೀಳಲು ನಿಂತಿತು. ಬೆರಳು ಬಿರಿದವು, ಸುಣ್ಣಗಲ್ಲಿನ ಧೂಳು ಎದೆಗಿಳಿದು ಕೆಮ್ಮು ಅಂಟಿತು. ಹಣಮಮ್ಮ ಬಾವಿಕಟ್ಟೆಯಲ್ಲಿ ಸಾಹೇಬರ ವಂಶ ಜಾಲಾಡುತ್ತಿದ್ದಳು. ನನ್ನ ಗಂಡನ ಡಬ್ಬಿ ನುಂಗಿ ನೌಕರಿ ಕೊಡಲಿಲ್ಲ, ಅವರ ಮೇಜಿಗೆ ಗೆದ್ದಲು ಹತ್ತಲಿ. ಕೇಳಿ ಕೇಳಿ ನಮಗೂ ಅದೇ ನಿಜವೆನಿಸಿತ್ತು.

ಐವತ್ತಾರರಲ್ಲಿ, ಹೈದರಾಬಾದ್ ರಾಜ್ಯ ಒಡೆದು ನಮ್ಮನ್ನು ಮೈಸೂರಿಗೆ ಸೇರಿಸುತ್ತಾರೆಂಬ ಮಾತು ನಡೆದಿದ್ದಾಗ, ಚಾಂದನಿಗೆ ಸಿಕಂದರಾಬಾದಿಗೆ ವರ್ಗವಾಯಿತು. ಹೊರಡುವ ದಿನ ಅವನ ಹೆಂಡತಿ ಆಶಾಬಿ ಓಣಿಯವರಿಗೆಲ್ಲ ಹೇಳಿಹೋಗಲು ಬಂದಳು. ಹಣಮಮ್ಮ ಸುಮ್ಮನಿರಬೇಕಲ್ಲ, ನಿಮ್ಮ ಸಾಹೇಬರು ನಮ್ಮ ಡಬ್ಬಿ ನುಂಗಿದರು ಎಂದು ಚುಚ್ಚಿದಳು.

“ಯಾರು ನುಂಗ್ಯಾರವ್ವ?” ಆಶಾಬಿಗೂ ಸಿಟ್ಟು ಬಂತು. “ಜಿಡ್ಡು ಮುಟ್ಟಿಸಬ್ಯಾಡ ಅಂದ್ರೂ ನಿನ್ನ ಗಂಡ ಎಣ್ಣಿ ಹಚ್ಚಿದ. ಬಣ್ಣೆಲ್ಲಾ ಸುಲದು ಬಂತು. ಅದಕ್ಕ ನೌಕರಿ ಸಿಗಲಿಲ್ಲ. ನಮ್ಮವರ ಮಾನಾನೂ ಹೋಯ್ತು.”

ಆಶಾಬಿ ಹೋದ ಮೇಲೂ ಹಣಮಮ್ಮ ಎಷ್ಟೋ ಹೊತ್ತು ತನ್ನ ಅಂಗೈಯನ್ನೇ ತಿಕ್ಕುತ್ತ ಕೂತಿದ್ದಳು. ನಮ್ಮವ್ವ ನೀರು ಕೊಟ್ಟರೂ ಕುಡಿಯಲಿಲ್ಲ. ತನ್ನದೇ ತಪ್ಪೆಂದು ಹೇಳಲು ಎದ್ದು ಸ್ಟೇಷನ್ನಿಗೆ ಓಡಿದಾಗ ಚಾಂದನ ಗಾಡಿ ಬಿಟ್ಟಿತ್ತು. ಅಲ್ಲಿಂದ ಹಾಗೇ ಉರಿಬಿಸಿಲಿನಲ್ಲಿ ರಾವೂರಿನ ದಾರಿ ಹಿಡಿದಳು. ಹೆದರಿದ ನಮ್ಮವ್ವ ನನ್ನ ಕೈ ಹಿಡಿದುಕೊಂಡು ಅವಳ ಬೆನ್ನಿಗೆ ನಡೆದಳು.

ಗಣಿಯ ತಗ್ಗಿನಲ್ಲಿ ಪೀರಪ್ಪ ಉಳಿಗೆ ಏಟು ಹಾಕುತ್ತಿದ್ದ.

“ಎಣ್ಣಿ ಹಚ್ಚಿದಾಕಿ ನಾನು,” ಎಂದಳು.

“ಗೊತ್ತದ.”

“ಗೊತ್ತಿದ್ದೂ ಇಷ್ಟು ವರ್ಷ ಯಾಕ ಹೇಳಲಿಲ್ಲ?”

ಅವನು ಕೆಮ್ಮಿ, ಉಗುಳಿ, ಸುತ್ತಿಗೆ ಕೆಳಗಿಟ್ಟ. “ಹೇಳಿದ್ರ ನೀ ಮತ್ತ ಯಾವ ಪಾತ್ರಿಗೂ ಕೈ ಹಚ್ಚತಿದ್ದಿಲ್ಲ.”

“ಈಗ ಹಚ್ಚಾಕ ಮನ್ಯಾಗ ಯಾವ ಪಾತ್ರಿ ಅದ?” ಎಂದಳು ಹಣಮಮ್ಮ.

ಮೇಲಿನಿಂದ ಮೇಸ್ತ್ರಿ ಕೂಗಿದ. ಪೀರಪ್ಪ ಬಗ್ಗಿ ಸುತ್ತಿಗೆ ಎತ್ತಿಕೊಂಡ.