ಅಳತೆಗೆ ನಿಂತ ಹಾಲಿ

"ನಾನು ಲೆನ್ಸಿಗೆ ಕಣ್ಣಿಟ್ಟರೆ ದೊಡ್ಡಬೆಟ್ಟದ ತುದಿಯಲ್ಲಿ ಇರುವೆ ಮೀಸೆ ತಿರುವೋದೂ ಕಾಣುತ್ತೆ," ಎಂದು ಊಟಿಯ ತನ್ನ ಸ್ಟುಡಿಯೋಗೆ ಬಂದವರಿಗೆಲ್ಲ ಜಗದೀಶ ಹೇಳುತ್ತಿದ್ದ. ಮೈಸೂರು ಕಡೆಯವನು, ಮಾತಿಗೆ ಬಡತನವಿರಲಿಲ್ಲ.

ಭಾನುವಾರ ಬಂತೆಂದರೆ ಬಸ್ಸು ಹತ್ತಿ ಇತ್ತಲಾರು ಹಳ್ಳಿಗೆ ಹೋಗುವನು. ಅಲ್ಲಿ ಗೆಳೆಯ ಹಾಲಿ ಕಾಯುತ್ತಿರುವನು. ಹಾಲಿಗೆ ಇದ್ದದ್ದು ಅಂಗೈಯಗಲ ಟೀ ತೋಟ, ಹೊದೆಯಲೊಂದು ಬಿಳಿ ದುಪ್ಪಟಿ, ಮತ್ತೆ ಈ ಸ್ನೇಹ. ಫೋಟೋ ಎಂದರೆ ಅವನಿಗೆ ಅಷ್ಟಕ್ಕಷ್ಟೆ. ಸುಟ್ಟ ಆಲೂಗಡ್ಡೆ ತಿನ್ನುತ್ತ ದಾರಿಯುದ್ದಕ್ಕೂ ಜಗದೀಶನನ್ನು ಗೇಲಿ ಮಾಡುವ ಸುಖ, ವಾರವಿಡೀ ಎಲೆ ಕಿತ್ತವನಿಗೆ ಬೇಕಾಗಿತ್ತು. ಜಗದೀಶನಿಗೂ ಅವನು ಬೇಕು. ಬೆಟ್ಟ ಎಷ್ಟು ದೊಡ್ಡದೆಂದು ತಿಳಿಯಲು ಚಿತ್ರದ ಮೂಲೆಯಲ್ಲೊಬ್ಬ ಮನುಷ್ಯ ನಿಲ್ಲಬೇಕಲ್ಲ? ಹಾಲಿ ಎಂಥ ಸಣಕಲನೆಂದರೆ, ಅವನು ಪಕ್ಕದಲ್ಲಿ ನಿಂತರೆ ಹುತ್ತವೂ ಹಿಮಾಲಯ.

೧೯೯೭ರ ಒಂದು ಭಾನುವಾರ ಬೆಟ್ಟದಂಚಿನಲ್ಲಿ ಒಂದು ಹಕ್ಕಿಯೂ ಕೂಗಲಿಲ್ಲ. ಹುಲ್ಲನ್ನು ಏನೋ ಈಗಷ್ಟೇ ತುಳಿದು ಹೋಗಿತ್ತು.

"ಇವತ್ತು ಬೇಡ ಕಣೋ. ಬೆಟ್ಟ ಉಸಿರು ಹಿಡಿದಂಗಿದೆ," ಎಂದ ಹಾಲಿ.

"ಕಾಲು ನೋವು ಅಂತ ಹೇಳು. ಹೋಗಿ ನಿಲ್ಲು."

ಹಾಲಿ ನಿಂತ. ಜಗದೀಶ ಕಣ್ಣಿಟ್ಟ. "ಹಿಂದೆ ಹೋಗು. ಇನ್ನೊಂದು ಹೆಜ್ಜೆ. ಇನ್ನೊಂದು."

ಕಣಿವೆಯಿಂದ ಮಂಜು ಎದ್ದಿತು. ಬಿಳಿ ದುಪ್ಪಟಿ ಬಿಸಿನೀರಿಗೆ ಬಿದ್ದ ಉಪ್ಪಿನಂತೆ ಕರಗಿತು. ಕಲ್ಲುಗಳು ಉರುಳಿದ ಸದ್ದು. ಆಮೇಲೆ ಏನೂ ಇಲ್ಲ.

"ಹಾಲೀ..."

ಓಗೊಡುವವರಿಲ್ಲ. ಹಿಂದೆ ಹೋಗೆಂದವನು ತಾನೇ. ಕ್ಯಾಮೆರಾ ಅಲ್ಲೇ ಬಿಟ್ಟು, ಅಂಬೆಗಾಲಿಟ್ಟು ತಡಕಾಡುತ್ತ ಹೋದ. ಕೈಗೆ ದುಪ್ಪಟಿ ಸಿಕ್ಕಿತು. ಅದರಾಚೆ ನೆಲವೇ ಇರಲಿಲ್ಲ. ಪಕ್ಕದ ಕರಿಬಂಡೆಯ ಆಸರೆಗೆ ಕೈಚಾಚಿದ.

ಬಂಡೆ ಉಸಿರಾಡಿತು.

ಲಾರಿಯಷ್ಟು ದೊಡ್ಡ ಕಾಟಿ, ಕಾಡುಕೋಣ. ಇರುವೆ ಮೀಸೆ ಕಾಣುವ ಕಣ್ಣಿಗೆ ಅದರ ಕೊಂಬು ಮೂಗಿನ ಹತ್ತಿರ ಬಂದಾಗಲೇ ಕಂಡದ್ದು. ಕಾಟಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಿವಿಯಲೂ ಯೋಗ್ಯನಲ್ಲವೆಂದೋ ಏನೋ, ಮಂಜಿನೊಳಕ್ಕೆ ನಡೆಯಿತು.

"ಹೋಯ್ತಾ?" ಕೆಳಗಿನಿಂದ ಸಣ್ಣ ದನಿ. ಆಳುದ್ದ ಕೆಳಗೆ, ಬಂಡೆಯ ಚಾಚಿನ ಮೇಲೆ, ಪೊದೆಯೊಂದನ್ನು ತಬ್ಬಿಕೊಂಡು ಹಾಲಿ ಕೂತಿದ್ದ.

ಜಗದೀಶ ದುಪ್ಪಟಿ ಇಳಿಬಿಟ್ಟು ಅವನನ್ನು ಮೇಲಕ್ಕೆಳೆದ. "ಕೂಗಿದರೆ ಓ ಅನ್ನಬಾರದೇನೋ?"

"ನೀ ಕೂಗಿ ಕಾಟಿಯನ್ನ ನಿನ್ನ ಕಡೆ ತಿರುಗಿಸಿದೆ. ನಾನೂ ಕೂಗಿ ವಾಪಸ್ ಕರೀಬೇಕಿತ್ತಾ?"

ಜಗದೀಶ ಅತ್ತೇಬಿಟ್ಟ. "ನಾನೇ ನಿನ್ನ ಕೊಲ್ಲುತ್ತಿದ್ದೆ. ಹಿಂದೆ ಹೋಗು ಅಂದದ್ದು ನಾನೇ."

ಹಾಲಿ ದುಪ್ಪಟಿ ಕೊಡವಿ ಹೊದ್ದುಕೊಂಡ. "ನಿನ್ನ ಮಾತು ಕೇಳಿದ್ದರೆ ನನ್ನ ಸಾವಿನೂಟ ನೀನು ಮೊದಲ ವರ್ಷವೇ ಉಂಡಿರುತ್ತಿದ್ದೆ. ನೀ ಒಂದು ಹೆಜ್ಜೆ ಅಂದರೆ ನಾನು ಯಾವತ್ತೂ ಅರ್ಧವೇ ಇಡೋದು. ಇವತ್ತು ದುಪ್ಪಟಿ ಬಿಸಾಕಿ ಹಾರಿದ್ದು, ಕಾಟಿ ಎದುರು ಬಂದು ಹಾರು ಅಂದದ್ದಕ್ಕೆ. ಅದಕ್ಕೆ ನಿನಗಿಂತ ಬುದ್ಧಿ ಇದೆ."